ಕೈಗೆ ಕಸುಬು, ಕಸುಬಿಗೆ ಕನ್ನಡ

(ಹಬ್ಬಕ್ಕೆ ಊರಿಗೆ ಬಂದಿದ್ದ ಯುವಕ ಯುವತಿಯರ ಮುಂದೆ ಮೂಡಿಗೆರೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲದ ಮನುಷ್ಯ ನಾನು. ಹೆಚ್ಚುಕಡಿಮೆ ಇಪ್ಪತ್ತೈದು ವರ್ಷ ಪ್ಲಾಸ್ಟಿಕ್ ಮೋಲ್ಡಿಂಗ್ ಮಷೀನಿನ ಮುಂದೆ ನಿಂತವನು. ಆ ಸದ್ದಿನಲ್ಲಿ ಕೂಗಿ ಕೂಗಿ ನನ್ನ ದನಿಯೇ ದೊಡ್ಡದಾಗಿಬಿಟ್ಟಿದೆ. ಯಾರ ಮೇಲೋ ರೇಗುತ್ತಿದ್ದಾನೆ ಅಂದುಕೊಳ್ಳಬೇಡಿ. ಹಾಗೆ ಅಂದುಕೊಂಡರೂ ತಪ್ಪಿಲ್ಲ, ಸ್ವಲ್ಪ ರೇಗುವುದೂ ಇದೆ.

ನಿಮ್ಮಲ್ಲಿ ಹೆಚ್ಚಿನವರು ಬೆಂಗಳೂರಿನಿಂದ ಬಂದಿದ್ದೀರಿ. ಪೀಣ್ಯ, ಬೊಮ್ಮಸಂದ್ರ, ಕುಂಬಳಗೋಡು ಅಂತ ಒಂದೊಂದು ಕಡೆ ನಾಲ್ಕೈದು ಜನ ಸೇರಿ ರೂಮು ಮಾಡಿಕೊಂಡಿದ್ದೀರಿ. ಊರಲ್ಲಿ ಯಾರಾದರೂ "ಏನಪ್ಪಾ ಕೆಲಸ?" ಅಂತ ಕೇಳಿದರೆ "ಕಂಪನಿಯಲ್ಲಿದ್ದೀನಿ" ಅಂತೀರಿ. "ಕಂಪನಿಯಲ್ಲಿ ಏನಾಗಿದ್ದೀಯ?" ಅಂತ ಇನ್ನೊಂದು ಪ್ರಶ್ನೆ ಬಂದರೆ ದನಿ ಇಳಿಯುತ್ತದೆ. "ಹೆಲ್ಪರ್."

ಇವತ್ತು ನಾನು ಮಾತಾಡಲು ಬಂದಿರುವುದು ಆ ಒಂದು ಪದದ ಬಗ್ಗೆ. ಹೆಲ್ಪರ್ ಆಗಿ ಸೇರುವುದು ಅವಮಾನವಲ್ಲ, ನಾನೂ ಹಾಗೇ ಸೇರಿದೆ. ಹತ್ತು ವರ್ಷ ಕಳೆದ ಮೇಲೂ ಹೆಲ್ಪರ್ ಆಗಿಯೇ ಉಳಿಯುವುದಿದೆಯಲ್ಲ, ಅದಕ್ಕೊಂದು ಕಾರಣವಿದೆ. ಆ ಕಾರಣ ನಿಮ್ಮ ತಲೆಯೂ ಅಲ್ಲ, ನಿಮ್ಮ ಹಣೆಬರಹವೂ ಅಲ್ಲ.

ಈ ಬೆಟ್ಟದ ಮಣ್ಣು ಎಲ್ಲಿ ಹೋಯಿತು?

ಮೊದಲು ನಮ್ಮ ಊರಿನ ಲೆಕ್ಕ ನೋಡೋಣ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಯಿತು. ಅಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾಯಿತು. ಆ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಬರಬೇಕಿದ್ದ ಹಣವನ್ನು ವಿಶ್ವೇಶ್ವರಯ್ಯನವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆ ಮಾಡಿ ಅಂದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ಅದಿರು ಕರಗಿ ಕಬ್ಬಿಣವಾಯಿತು, ಕಬ್ಬಿಣದ ಹಣ ವಿದ್ಯೆಯಾಯಿತು. ದೊಡ್ಡ ಮನುಷ್ಯರ ಲೆಕ್ಕ ಹಾಗಿರುತ್ತದೆ.

ಆಮೇಲೆ ಕುದುರೆಮುಖ. 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ಅದಿರಿನ ಪುಡಿ ನೀರಿನ ಜೊತೆ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಸರಿ, ನಾನು ಅದನ್ನು ಪ್ರಶ್ನಿಸುವವನಲ್ಲ. ಆದರೆ ಕಳಸದ ಕಡೆಯ ನಾವು ಆಗ ಒಂದು ಪಾಠ ಕಲಿತೆವು. ಅಲ್ಲಿ ವೆಲ್ಡಿಂಗ್, ಫಿಟ್ಟಿಂಗ್, ಎಲೆಕ್ಟ್ರಿಕಲ್ ಕಲಿತಿದ್ದವರು ಚೀಲ ಹೆಗಲಿಗೇರಿಸಿಕೊಂಡು ಬೇರೆ ಊರಲ್ಲಿ ಅನ್ನ ಹುಡುಕಿಕೊಂಡರು. ಗುತ್ತಿಗೆಯಲ್ಲಿ ಮಣ್ಣು ಹೊತ್ತಿದ್ದ ನಮ್ಮ ಮಾವನಂಥವರು ವಾಪಸ್ಸು ತೋಟಕ್ಕೆ ಬಂದರು. ಗಣಿ ಮುಚ್ಚಬಹುದು, ಕಂಪನಿ ಮುಚ್ಚಬಹುದು. ಕೈಯಲ್ಲಿರುವ ಕಸುಬನ್ನು ಯಾವ ಕೋರ್ಟೂ ಮುಚ್ಚಿಸಲಾರದು.

ಸಕ್ಕರೆ ಅಚ್ಚಿನ ವಿದ್ಯೆ

ಪ್ಲಾಸ್ಟಿಕ್ ಮೋಲ್ಡಿಂಗ್ ಅಂದರೆ ಏನೋ ವಿಲಾಯಿತಿ ವಿದ್ಯೆ ಅಂದುಕೊಂಡಿದ್ದೀರಾ? ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಲ್ಲ? ಮರದ ಎರಡು ಹೋಳು ಜೋಡಿಸುತ್ತಾರೆ. ದಾರ ಕಟ್ಟಿ ಬಿಗಿ ಮಾಡುತ್ತಾರೆ. ಬಿಸಿ ಪಾಕ ಹುಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿ ಆನೆ, ಕುದುರೆ, ಗೋಪುರ ತೆಗೆಯುತ್ತಾರೆ. ಇಂಜೆಕ್ಷನ್ ಮೋಲ್ಡಿಂಗ್ ಅಂದರೆ ಇಷ್ಟೇ. ಮರದ ಅಚ್ಚಿನ ಬದಲು ಉಕ್ಕಿನ ಅಚ್ಚು. ಪಾಕದ ಬದಲು ಕರಗಿದ ಪ್ಲಾಸ್ಟಿಕ್. ಅಮ್ಮನ ದಾರದ ಬದಲು 80 ಟನ್, 150 ಟನ್, 250 ಟನ್ ಬಲದಲ್ಲಿ ಅಚ್ಚು ಹಿಡಿದುಕೊಳ್ಳುವ ಮಷೀನು.

ತಪ್ಪುಗಳೂ ಅವೇ. ಪಾಕ ಸಾಲದೆ ಬಂದರೆ ಆನೆಗೆ ಸೊಂಡಿಲು ಇರುವುದಿಲ್ಲ. ಅದನ್ನೇ ನಾವು ಶಾರ್ಟ್ ಅನ್ನುತ್ತೇವೆ. ದಾರ ಸಡಿಲವಿದ್ದರೆ ಅಂಚಿನಿಂದ ಪಾಕ ಸೋರಿ ತೆಳ್ಳಗೆ ರೆಕ್ಕೆ ಬರುತ್ತದೆ. ಅದು ಫ್ಲ್ಯಾಶ್. ಆರುವ ಮೊದಲೇ ಬಿಚ್ಚಿದರೆ ಸೊಟ್ಟಗಾಗುತ್ತದೆ. ನಿಮ್ಮ ಅಜ್ಜಿಗೆ ಗೊತ್ತಿದ್ದ ವಿದ್ಯೆಗೆ ಇಂಗ್ಲಿಷ್ ಹೆಸರಿಟ್ಟು ನಿಮ್ಮನ್ನು ಹೆದರಿಸಿದ್ದಾರೆ, ಅಷ್ಟೇ!

ನಮ್ಮ ತೋಟಕ್ಕೇ ಬನ್ನಿ. ಕಾಫಿ ಸಸಿ ಬೆಳೆಸುವ ಪ್ಲಾಸ್ಟಿಕ್ ಕೊಟ್ಟೆ ಇದೆಯಲ್ಲ, ಅದನ್ನು ಮಾಡುವುದು ಬಲೂನಿನಂತೆ ಗಾಳಿ ಊದಿ. ಹೂವು ಬಿಡಿಸಲು ಬೇಸಿಗೆಯಲ್ಲಿ ನೀರು ಹೊಡೆಯುವ ಸ್ಪ್ರಿಂಕ್ಲರ್‌ನ ಕಪ್ಪು ಪೈಪು ಇದೆಯಲ್ಲ, ಅದು ಶ್ಯಾವಿಗೆ ಒರಳಿನಿಂದ ಶ್ಯಾವಿಗೆ ಒತ್ತಿದ ಹಾಗೆ ಬರುತ್ತದೆ. ಆ ಕೆಲಸಕ್ಕೆ ಎಕ್ಸ್‌ಟ್ರೂಷನ್ ಅಂತ ಹೆಸರು. ಬಕೆಟ್ಟು, ಕ್ರೇಟು ಇಂಜೆಕ್ಷನ್. ನೀರಿನ ಬಾಟಲಿ, ಎಣ್ಣೆ ಕ್ಯಾನು ಬ್ಲೋ ಮೋಲ್ಡಿಂಗ್. ಛಾವಣಿ ಮೇಲಿನ ಕಪ್ಪು ಟ್ಯಾಂಕಿ ಇದೆಯಲ್ಲ, ಅದನ್ನು ಪುಡಿ ತುಂಬಿದ ಅಚ್ಚನ್ನು ಒಲೆಯಲ್ಲಿ ತಿರುಗಿಸಿ ತಿರುಗಿಸಿ ಮಾಡುತ್ತಾರೆ. ಒಂದು ಎಸ್ಟೇಟಿನಲ್ಲಿ ಸುತ್ತಾಡಿದರೆ ಈ ಕಸುಬಿನ ಪಠ್ಯಪುಸ್ತಕ ಅರ್ಧ ಮುಗಿಯುತ್ತದೆ. ಇವನ್ನೆಲ್ಲ ಕೊಳ್ಳುವವರು ನಾವು. ಮಾಡುವವರ ಸಾಲಿನಲ್ಲಿ ನಾವು ಎಷ್ಟು ಜನ ಇದ್ದೇವೆ?

ಕಣದಲ್ಲಿ ಕಲಿತದ್ದು

ನಾನು ಹುಟ್ಟಿದ್ದು ಕಳಸದ ಹತ್ತಿರ ಒಂದು ತೋಟದ ಲೈನ್ ಮನೆಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ 2001ರಲ್ಲಿ ಬೆಂಗಳೂರು ಬಸ್ಸು ಹತ್ತಿದೆ. ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಲ್ಪರ್ ಕೆಲಸ. ಮಷೀನಿನಿಂದ ಬಿದ್ದ ಪೀಸಿನ ಅಂಚು ಬ್ಲೇಡಿನಲ್ಲಿ ಹೆರೆಯುವುದು, ಎಣಿಸಿ ಚೀಲಕ್ಕೆ ತುಂಬುವುದು. ಮೂರು ವರ್ಷ ಅದನ್ನೇ ಮಾಡಿದೆ. ಮಷೀನಿಗೆ ಒಂದು ಸೆಟ್ಟಿಂಗ್ ಹಾಳೆ ತೂಗುಹಾಕಿರುತ್ತಾರೆ. ಯಾವ ಜಾಗದಲ್ಲಿ ಎಷ್ಟು ಬಿಸಿ, ಎಷ್ಟು ಒತ್ತಡ, ಎಷ್ಟು ಸೆಕೆಂಡು ಆರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅದು ಇಂಗ್ಲಿಷಿನಲ್ಲಿತ್ತು. ಕನ್ನಡ ಮೀಡಿಯಮ್ಮಿನ ನನಗೆ ಅಂಕಿ ಮಾತ್ರ ಓದಲು ಬರುತ್ತಿತ್ತು. ಸೆಟ್ಟರ್ ಗುಂಡಿ ಒತ್ತುವಾಗ ಬೆನ್ನು ಅಡ್ಡ ಕೊಟ್ಟು ನಿಲ್ಲುತ್ತಿದ್ದ. ವಿದ್ಯೆ ಕದ್ದುಹೋಗುತ್ತದೆ ಅಂತ ಅವನಿಗೆ ಭಯ.

ಒಂದು ಜೂನ್ ತಿಂಗಳು. ಜಡಿಮಳೆ. ನೈಲಾನ್ ಪೀಸುಗಳ ಮೈಮೇಲೆಲ್ಲ ಬೆಳ್ಳಿ ಗೀರು ಬರತೊಡಗಿತು. ಸೆಟ್ಟರ್ ಬಿಸಿ ಏರಿಸಿದ, ಗೀರು ಹೆಚ್ಚಾಯಿತು. ಒತ್ತಡ ಏರಿಸಿದ, ಫ್ಲ್ಯಾಶ್ ಬಂತು. ಎರಡು ಪಾಳಿಯ ಮಾಲು ಪೂರ್ತಿ ಗುಜರಿಗೆ ಹೋಯಿತು. ನಾನು ಮೂಲೆಯಲ್ಲಿ ನೋಡಿದೆ. ನೈಲಾನ್ ಕಾಳಿನ ಚೀಲ ಬಾಯಿ ಬಿಚ್ಚಿಕೊಂಡು ಕೂತಿದೆ! ನನಗೆ ನೆನಪಾಗಿದ್ದು ನಮ್ಮ ಕಾಫಿ ಕಣ. ಪಾರ್ಚ್‌ಮೆಂಟ್ ಬೀಜ ಸರಿಯಾಗಿ ಒಣಗಿದೆಯೋ ಇಲ್ಲವೋ ಅಂತ ಅಪ್ಪ ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದ. ತೇವ ಶೇಕಡಾ ಹತ್ತರ ಆಸುಪಾಸಿಗೆ ಇಳಿಯದೆ ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಸಂಜೆ ಮೋಡ ಕಂಡರೆ ಇಡೀ ಲೈನಿನವರು ಓಡಿಬಂದು ಟಾರ್ಪಾಲು ಮುಚ್ಚುತ್ತಿದ್ದೆವು. ಒಣಗಿದ್ದು ಗಾಳಿಯ ತೇವ ಕುಡಿದುಬಿಡುತ್ತದೆ ಅನ್ನುವುದು ನಮಗೆ ಹುಟ್ಟಿನಿಂದ ಬಂದ ಜ್ಞಾನ.

"ಅಣ್ಣಾ, ಇದು ಒಣಗಿಲ್ಲ" ಅಂದೆ. ನಕ್ಕರು. ಟೂಲ್‌ರೂಮಿನಲ್ಲಿ ಹಾಸನದ ಕಡೆಯ ಒಬ್ಬ ಹಿರಿಯರಿದ್ದರು. ಅವರು ನಗಲಿಲ್ಲ. ಚೀಲವನ್ನು ಡ್ರೈಯರಿಗೆ ಹಾಕಿಸಿ 80 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸಿದರು. ಬೆಳ್ಳಿ ಗೀರು ಮಾಯ! ನೈಲಾನು ಗಾಳಿಯ ತೇವ ಹೀರುವ ಜಾತಿ. ತೇವ ಶೇಕಡಾ 0.2ಕ್ಕಿಂತ ಕೆಳಗೆ ಇಳಿಯಬೇಕು. ಇಲ್ಲದಿದ್ದರೆ ಆ ನೀರು ಬಿಸಿಯಲ್ಲಿ ಆವಿಯಾಗಿ ಗೀರು ಎಳೆಯುತ್ತದೆ, ಪೀಸು ಪೆಡಸಾಗಿ ಮುರಿಯುತ್ತದೆ. ಇದನ್ನು ಅವರು ಅವತ್ತು ರಾತ್ರಿ ರಟ್ಟಿನ ಚೂರಿನ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದರು. ಮುಂದಿನ ಆರು ತಿಂಗಳು ಇಡೀ ಸೆಟ್ಟಿಂಗ್ ಹಾಳೆಯನ್ನು ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಮೂರು ವರ್ಷದಲ್ಲಿ ಬಾರದ್ದು ಆರು ತಿಂಗಳಲ್ಲಿ ಬಂತು. ನನ್ನ ತಲೆ ಬದಲಾಗಿರಲಿಲ್ಲ, ಹೇಳಿಕೊಟ್ಟ ಭಾಷೆ ಬದಲಾಗಿತ್ತು.

ಎರಡು ಬೆರಳು

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. ಇನ್ನೊಂದು ಕಾರ್ಖಾನೆಯಲ್ಲಿದ್ದಾಗ ನಮ್ಮ ಬೆಟ್ಟದ ಕಡೆಯ ಹುಡುಗನೊಬ್ಬ ಬಂದ. ಹತ್ತೊಂಬತ್ತು ವರ್ಷ. ಮಷೀನಿಗೆ ಒಂದು ಬಾಗಿಲಿರುತ್ತದೆ. ಅದು ತೆರೆದಿದ್ದರೆ ಅಚ್ಚು ಮುಚ್ಚಿಕೊಳ್ಳಬಾರದು, ಅದಕ್ಕೊಂದು ಸ್ವಿಚ್ಚು ಇರುತ್ತದೆ. ಬೇಗ ಮಾಲು ತೆಗೆಯಲು ಆ ಸ್ವಿಚ್ಚನ್ನು ತಂತಿಯಿಂದ ಕಟ್ಟಿಬಿಟ್ಟಿದ್ದರು. ಎಚ್ಚರಿಕೆಯ ಚೀಟಿ ಮಷೀನಿನ ಮೇಲೆ ಇತ್ತು, ಅವನಿಗೆ ಓದಲು ಬಾರದ ಲಿಪಿಯಲ್ಲಿ. ರಾತ್ರಿ ಪಾಳಿ. ಸಿಕ್ಕಿಕೊಂಡ ಪೀಸು ತೆಗೆಯಲು ಕೈ ಹಾಕಿದ. ಎರಡು ಬೆರಳು ಹೋದವು. ಈಗ ಅವನು ಊರಲ್ಲಿದ್ದಾನೆ. ಉಳಿದ ಬೆರಳಲ್ಲಿ ಹಣ್ಣು ಕುಯ್ಯುತ್ತಾನೆ.

1948ರ ಕಾರ್ಖಾನೆ ಕಾಯಿದೆಯ 108ನೇ ಕಲಮು ಏನು ಹೇಳಿತ್ತು ಗೊತ್ತೆ? ಕಾಯಿದೆ ಪ್ರಕಾರ ಹಾಕಬೇಕಾದ ನೋಟೀಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಅಂತ! ಎಷ್ಟು ಕಾರ್ಖಾನೆಗಳಲ್ಲಿ ಅದನ್ನು ಕನ್ನಡದಲ್ಲಿ ನೋಡಿದ್ದೀರಿ? 2025ರ ನವೆಂಬರಿನಲ್ಲಿ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಕಾಯಿದೆಯ ಹೆಸರು ಬದಲಾಗಬಹುದು, ಬೆರಳು ಮಾತ್ರ ಹತ್ತೇ.

ಇದನ್ನು ಇಲ್ಲೇ ನೆನಪಿಟ್ಟುಕೊಳ್ಳಿ. ಬಾಗಿಲಿನ ಸ್ವಿಚ್ಚು ಕಟ್ಟಿದ ಮಷೀನಿಗೆ ಕೈ ಹಾಕಬೇಡಿ, ಯಾರು ಹೇಳಿದರೂ ಸರಿ. ನಳಿಗೆಯಿಂದ ಬಿಸಿ ಮಾಲು ಹೊರಹಾಕುವಾಗ ಎದುರು ನಿಲ್ಲಬೇಡಿ, ಮುಖಕ್ಕೆ ಗುರಾಣಿ ಬೇಕು. ಪಿವಿಸಿ ಮತ್ತು ಅಸಿಟಾಲ್ ಒಂದೇ ನಳಿಗೆಯಲ್ಲಿ ಬೆರೆಯಬಾರದು. ಪಿವಿಸಿ ಸುಟ್ಟರೆ ಆಮ್ಲದ ಹೊಗೆ, ಅಸಿಟಾಲ್ ಸುಟ್ಟರೆ ಕಣ್ಣು ಗಂಟಲು ಉರಿಸುವ ಫಾರ್ಮಾಲ್ಡಿಹೈಡ್. ಎರಡೂ ಸೇರಿದರೆ ನಳಿಗೆಯೊಳಗೆ ಒತ್ತಡ ಏರಿ ಸಿಡಿಯುವ ಅಪಾಯ. ಈ ನಾಲ್ಕು ವಾಕ್ಯ ಆ ಹುಡುಗನಿಗೆ ಮೊದಲ ದಿನ ಕನ್ನಡದಲ್ಲಿ ಹೇಳಲು ಎಷ್ಟು ಹೊತ್ತು ಬೇಕಿತ್ತು? ಎರಡು ನಿಮಿಷ.

ಎಲ್ಲಿ ಕಲಿಯಬೇಕು?

"ನೀನು ಹೇಳುವುದೆಲ್ಲ ಸರಿ, ಕಲಿಯುವುದೆಲ್ಲಿ?" ಅಂತ ಕೇಳಿ. ಕೇಳಬೇಕು.

ಸಿಪೆಟ್ ಅಂತ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಪ್ಲಾಸ್ಟಿಕ್ ವಿದ್ಯೆಗೆಂದೇ 1968ರಲ್ಲಿ ಚೆನ್ನೈಯಲ್ಲಿ ಶುರುವಾದದ್ದು. ಅದರ ಮೈಸೂರು ಕೇಂದ್ರ 1991ರಿಂದ ಇದೆ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷದ ಎರಡು ಡಿಪ್ಲೊಮಾಗಳಿವೆ. ಒಂದು ಪ್ಲಾಸ್ಟಿಕ್ ತಯಾರಿಕೆಯದು, ಇನ್ನೊಂದು ಅಚ್ಚು ಮಾಡುವುದು. ಬಿ.ಎಸ್ಸಿ. ಆದವರಿಗೆ ಎರಡು ವರ್ಷದ ಕೋರ್ಸು ಬೇರೆ. ಮಷೀನ್ ಆಪರೇಟರ್ ಆಗಲು ಕೆಲವೇ ತಿಂಗಳ ತರಬೇತಿಗಳೂ ನಡೆಯುತ್ತವೆ. ಮೂಡಿಗೆರೆಯಿಂದ ಮೈಸೂರು ಏನು ಅಮೆರಿಕವೇ?

ನಮ್ಮ ರಾಜ್ಯ ಸರ್ಕಾರದ್ದೇ ಜಿಟಿಟಿಸಿ ಇದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ಹಾಸನ, ಮಂಗಳೂರು, ಶಿವಮೊಗ್ಗದಲ್ಲೂ ಕೇಂದ್ರಗಳಿವೆ. ನಮ್ಮ ಬೆಟ್ಟದ ಮೂರು ದಿಕ್ಕಿಗೂ ಒಂದೊಂದು! ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿದವನು ಉಕ್ಕಿನಲ್ಲಿ ಅಚ್ಚು ಕೆತ್ತುತ್ತಾನೆ. ಮೋಲ್ಡಿಂಗ್ ಲೋಕದಲ್ಲಿ ಅಚ್ಚು ಮಾಡುವವನೇ ದೊರೆ. ಐಟಿಐಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಪ್ರೊಸೆಸಿಂಗ್ ಆಪರೇಟರ್ ಅಂತ ಒಂದು ವರ್ಷದ ಟ್ರೇಡೂ ಇದೆ.

ಈಗಾಗಲೇ ಕೆಲಸದಲ್ಲಿರುವವರಿಗೆ ಇನ್ನೊಂದು ದಾರಿ. 1961ರ ಅಪ್ರೆಂಟಿಸ್ ಕಾಯಿದೆಯ ನಿಯಮಗಳನ್ನು 2019ರಲ್ಲಿ ತಿದ್ದಿದ್ದಾರೆ. ಅದರ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಕಡೆ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಿಮ್ಮ ತಮ್ಮನನ್ನು, ತಂಗಿಯನ್ನು ಹೆಲ್ಪರ್ ಅಂತ ಸೇರಿಸುವ ಮೊದಲು ಅಪ್ರೆಂಟಿಸ್ ಜಾಗ ಇದೆಯೇ ಅಂತ ಕೇಳಿ. ಎರಡಕ್ಕೂ ಅಜಗಜಾಂತರ. ಅಪ್ರೆಂಟಿಸ್‌ಗೆ ಕಲಿಸಬೇಕೆಂದು ಕಾಯಿದೆಯೇ ಹೇಳುತ್ತದೆ, ಹೆಲ್ಪರ್‌ಗೆ ಕಲಿಸಬೇಕೆಂದು ಯಾರೂ ಹೇಳುವುದಿಲ್ಲ.

ಗೆಳತಿಯರೇ, ಇದು ಗಂಡಸರ ಕೆಲಸ ಅಂತ ಎದ್ದು ಹೋಗಬೇಡಿ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಫಿ ಬೀಜ ಆರಿಸುವ ಅಕ್ಕಂದಿರನ್ನು ನೋಡಿದ್ದೀರಲ್ಲ? ಕಪ್ಪು ಬೀಜ, ಒಡಕು ಬೀಜ ಅವರ ಕಣ್ಣು ತಪ್ಪಿಸಿಕೊಂಡು ಹೋಗದು. ಅಂಥ ಕಣ್ಣಿಗೆ ಅಳತೆಯ ವಿದ್ಯೆ ಸೇರಿದರೆ ಅದೇ ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆ.

"ಪ್ಲಾಸ್ಟಿಕ್ ಬ್ಯಾನ್ ಆಗುತ್ತಿದೆಯಲ್ಲಾ?" ಅಂತ ಅಲ್ಲಿ ಯಾರೋ ಕೇಳುತ್ತಿದ್ದಾರೆ. ಸರಿಯಾದ ಪ್ರಶ್ನೆ. ಕರ್ನಾಟಕ 2016ರಲ್ಲಿ ಕ್ಯಾರಿ ಬ್ಯಾಗು, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಅದು ಬೇಕಾಗಿತ್ತು. ಮುಳ್ಳಯ್ಯನಗಿರಿಯಲ್ಲಿ ಪ್ರವಾಸಿಗಳು ಎಸೆದು ಹೋಗುವ ಕಸ ನೋಡಿದರೆ ನನಗೇ ನಾಚಿಕೆಯಾಗುತ್ತದೆ. ಆದರೆ ಸ್ವಿಚ್ಚು, ಸಿರಿಂಜು, ಕಾರಿನ ಭಾಗ, ನೀರಿನ ಪೈಪು ಎಲ್ಲಿಗೂ ಹೋಗುವುದಿಲ್ಲ. ಹಳೆಯದನ್ನು ಕರಗಿಸಿ ಮತ್ತೆ ಒಳ್ಳೆಯ ವಸ್ತು ಮಾಡಲಿಕ್ಕೆ ಹೊಸ ಮಾಲಿನ ಕೆಲಸಕ್ಕಿಂತ ಹೆಚ್ಚು ವಿದ್ಯೆ ಬೇಕು. ಕಸ ಮಾಡುವವರ ಸಾಲಿನಿಂದ ಕಸ ತಡೆಯುವವರ ಸಾಲಿಗೆ ಹೋಗಲಿಕ್ಕೂ ಕಲಿಯಲೇಬೇಕು.

ಕನ್ನಡದಲ್ಲಿ ಯಾಕಿಲ್ಲ?

ಈಗ ನನ್ನ ರೇಗಾಟಕ್ಕೆ ಬರುತ್ತೇನೆ. 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ನೇಮಕವಾಯಿತು. 1986ರಲ್ಲಿ 58 ಶಿಫಾರಸುಗಳ ವರದಿ ಬಂತು. ಅಂದಿನಿಂದ "ಮಹಿಷಿ ವರದಿ ಜಾರಿಯಾಗಲಿ" ಅಂತ ನಾವು ಕೂಗುತ್ತಲೇ ಇದ್ದೇವೆ. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದರು. ಕೆಲವೇ ದಿನದಲ್ಲಿ ಅದನ್ನು ತಡೆಹಿಡಿದರು. ಅವರು ಕೊಟ್ಟ ನೆಪ ಏನು? ಕುಶಲ ಕೆಲಸಗಾರರು ಇಲ್ಲೇ ಸಾಕಷ್ಟು ಸಿಗುವುದಿಲ್ಲ ಅಂತ!

ಆ ನೆಪಕ್ಕೆ ಬರೀ ಘೋಷಣೆಯಿಂದ ಉತ್ತರ ಕೊಡಲಾಗದು. ಹೊರಗಿನಿಂದ ಬಂದ ಹುಡುಗನನ್ನು ಬೈಯುವುದರಿಂದಲೂ ಆಗದು. ಅವನೂ ನನ್ನ ಹಾಗೇ ಹೊಟ್ಟೆಪಾಡಿಗೆ ಬಸ್ಸು, ರೈಲು ಹತ್ತಿದವನು. ನಮ್ಮ ತೋಟಗಳಲ್ಲಿ ಇವತ್ತು ಹಣ್ಣು ಕುಯ್ಯುವವರಲ್ಲಿ ಅವನ ಅಣ್ಣತಮ್ಮಂದಿರೂ ಇದ್ದಾರೆ. ಉತ್ತರ ಇರುವುದು ಸೆಟ್ಟಿಂಗ್ ಹಾಳೆ ಓದಬಲ್ಲ ಸಾವಿರಾರು ಕನ್ನಡದ ಹುಡುಗ ಹುಡುಗಿಯರಲ್ಲಿ.

ಅವರನ್ನು ತಡೆದು ನಿಲ್ಲಿಸಿರುವುದೇನು? ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವನು ಡಿಪ್ಲೊಮಾಕ್ಕೆ ಕಾಲಿಟ್ಟ ದಿನ ಇಂಗ್ಲಿಷಿನ ಪುಸ್ತಕ ಕೈಗೆ ಬರುತ್ತದೆ. ಅಚ್ಚು, ನಳಿಗೆ, ಒತ್ತಡ, ತೇವ ಎಲ್ಲ ಅವನಿಗೆ ಗೊತ್ತಿರುವುದೇ. ಗೊತ್ತಿರುವುದನ್ನೇ ಗೊತ್ತಿಲ್ಲದ ಭಾಷೆಯಲ್ಲಿ ಹೇಳಿ ಫೇಲು ಮಾಡುತ್ತಾರೆ. ಎಂಜಿನಿಯರಿಂಗನ್ನೇ ಕನ್ನಡದಲ್ಲಿ ಕಲಿಸಬಹುದು ಅಂತ 2021ರಲ್ಲಿ ಎಐಸಿಟಿಇ ಒಪ್ಪಿದೆ. ಎಂಜಿನಿಯರಿಗೆ ಸಲ್ಲುವ ಕನ್ನಡ ಆಪರೇಟರ್‌ಗೆ ಯಾಕೆ ಸಲ್ಲಬಾರದು? ಇದೇ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ ಪೂರ್ಣಚಂದ್ರ ತೇಜಸ್ವಿ ವಿಜ್ಞಾನವನ್ನು ಕನ್ನಡದಲ್ಲಿ ಬರೆದರು, ಕಂಪ್ಯೂಟರಿಗೆ ಕನ್ನಡ ತರಲು ಹೋರಾಡಿದರು. 2007ರಲ್ಲಿ ಅವರು ತೀರಿಕೊಂಡರು. ಅವರು ಹಿಡಿದಿದ್ದ ಕೆಲಸ ಕಾರ್ಖಾನೆಯ ಬಾಗಿಲಲ್ಲಿ ನಿಂತುಹೋಗಬೇಕೇ?

ಇಂಗ್ಲಿಷ್ ಬೇಡ ಅನ್ನುವವನಲ್ಲ ನಾನು. ಶಾರ್ಟ್, ಫ್ಲ್ಯಾಶ್, ಡೈ ಅನ್ನುವ ಮಾತು ಹಾಗೇ ಇರಲಿ, ಅವೂ ಈಗ ನಮ್ಮವೇ. ಆ ಮಾತುಗಳ ಸುತ್ತ ಇರುವ ವಾಕ್ಯ ಕನ್ನಡದ್ದಾಗಿರಲಿ.

ನಾವು ಕೇಳಬೇಕಾದ್ದು ಇಷ್ಟು:

ಒಂದು, ಕರ್ನಾಟಕದಲ್ಲಿರುವ ಪ್ರತಿ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಡಿಪ್ಲೊಮಾ ಮತ್ತು ಆಪರೇಟರ್ ಕೋರ್ಸಿನ ಪಾಠ, ಪುಸ್ತಕ, ಪರೀಕ್ಷೆ ಕನ್ನಡದಲ್ಲೂ ಇರಬೇಕು.

ಎರಡು, ಪ್ರತಿ ಮಷೀನಿನ ಎಚ್ಚರಿಕೆಯ ಬರಹ ಮತ್ತು ಸೆಟ್ಟಿಂಗ್ ಹಾಳೆ ಕನ್ನಡದಲ್ಲೂ ಇರಬೇಕು.

ಮೂರು, ಮೂಡಿಗೆರೆ, ಕಳಸ, ಕೊಪ್ಪದ ಹೈಸ್ಕೂಲುಗಳಿಗೆ ಈ ತರಬೇತಿ ಕೇಂದ್ರಗಳವರು ವರ್ಷಕ್ಕೊಮ್ಮೆಯಾದರೂ ಬಂದು ಅರ್ಜಿ ಹಾಕುವುದು ಹೇಗೆಂದು ಹೇಳಬೇಕು. ಲೈನ್ ಮನೆಯ ಮಕ್ಕಳಿಗೆ ಹಾಸ್ಟೆಲು ಸಿಗಬೇಕು.

ನಾಲ್ಕನೆಯದನ್ನು ಸರ್ಕಾರದ ಹತ್ತಿರ ಕೇಳುವುದಿಲ್ಲ, ನಿಮ್ಮ ಹತ್ತಿರ ಕೇಳುತ್ತೇನೆ. ರಜೆ ಮುಗಿದು ವಾಪಸ್ಸು ಹೋದ ಮೇಲೆ ನಿಮ್ಮ ಮಷೀನಿನ ಸೆಟ್ಟಿಂಗ್ ಹಾಳೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಅರ್ಥವಾಗದ ಪದಕ್ಕೆ ಗುರುತು ಹಾಕಿ, ಬಲ್ಲವರನ್ನು ಕೇಳಿ. ಸೆಟ್ಟರ್ ಆದ ಮೇಲೆ ಪಕ್ಕದಲ್ಲಿ ನಿಂತ ಹೊಸ ಹುಡುಗನಿಗೆ ಬೆನ್ನು ಅಡ್ಡ ಕೊಡಬೇಡಿ. ಅವನು ಕೊಪ್ಪದವನಾಗಲಿ, ಕಲಬುರಗಿಯವನಾಗಲಿ, ಬಿಹಾರದವನಾಗಲಿ, ಕನ್ನಡದಲ್ಲಿ ಹೇಳಿಕೊಡಿ. ಕಸುಬಿನ ಜೊತೆಗೆ ಬಂದ ಭಾಷೆಯನ್ನು ಯಾರೂ ಬೇಡ ಅನ್ನುವುದಿಲ್ಲ.

ಆ ಹಿರಿಯರು ನನಗೆ ಬರೆದುಕೊಟ್ಟ ರಟ್ಟಿನ ಚೂರು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಎಣ್ಣೆ ಕಲೆ ಹತ್ತಿದೆ, ಅಕ್ಷರ ಮಾಸಿದೆ. "80 ಡಿಗ್ರಿ, 4 ಗಂಟೆ, ಚೀಲದ ಬಾಯಿ ಕಟ್ಟು" ಅಂತಿದೆ. ನನ್ನ ಡಿಪ್ಲೊಮಾ ಅದೇ. ನಿಮ್ಮ ತಮ್ಮ ತಂಗಿಯರಿಗೆ ರಟ್ಟಿನ ಚೂರು ಸಾಲದು, ಪುಸ್ತಕವೇ ಸಿಗಬೇಕು. ಸಿಗುವ ತನಕ ನಾವು ಕೇಳುತ್ತಲೇ ಇರೋಣ, ಕಲಿಯುತ್ತಲೂ ಇರೋಣ.